ಬೀದಿಯ ಮೊಟ್ಟೆಗಳೆಲ್ಲ ನಮ್ಮ ಕೋಣೆಯಲ್ಲಿ

ಕಫ್ರ್ ಸುನ್ಬುಲ್,
ಏಪ್ರಿಲ್ ೬, ೨೦೦೬, ಗುರುವಾರ

ತಹಾನಿಯ ಅಪ್ಪನಿಗೆ, ಅಷ್ಟು ದೂರದ ಅಮ್ಮಾನಿನಲ್ಲಿ ಕೂತಿರುವ ನನ್ನ ಶೌಕಿಯವರಿಗೆ, ಎನಾಯಾತಳ ಸಲಾಮು.

ಹೇಗಿದ್ದೀರಿ? ಸೊಂಟದ ನೋವು ಇಳಿಯಿತೇ, ಇಲ್ಲ ಮೇಸ್ತ್ರಿಯ ಮುಂದೆ ಶೌರ್ಯ ತೋರಿಸಲು ಇನ್ನೂ ವೈರಿನ ಸುರುಳಿಗಳನ್ನು ಒಬ್ಬರೇ ಹೊತ್ತು ಮಹಡಿ ಹತ್ತುತ್ತಿದ್ದೀರಾ? ಅಲ್ಲಿ ಚಳಿ ಇನ್ನೂ ಬಿಟ್ಟಿಲ್ಲವೆಂದು ನಿಮ್ಮ ಕೋಣೆಯಿಂದ ರಜೆಗೆ ಬಂದಿರುವ ಬಸ್ಯೂನಿ ಹೇಳಿದ. ಅತ್ತೆ ಹೆಣೆದು ಕಳಿಸಿದ ಉಣ್ಣೆಯ ಬನಿಯನನ್ನು ನೀವು ಮೈಗೆ ಹಾಕದೆ ದಿಂಬಿನ ಕೆಳಗೆ ಮಡಿಸಿಟ್ಟಿದ್ದೀರಂತೆ, ಅದನ್ನೂ ಹೇಳಿದ. ಗೂಢಚಾರರು ನನಗೂ ಇದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಬರೀ ಕಪ್ಪು ಚಹಾ ಕುಡಿದು ಹೊಟ್ಟೆ ಸುಟ್ಟುಕೊಳ್ಳಬೇಡಿ. ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ತಹಾನಿಗೆ ಮುಂದಿನ ಎರಡು ಹಲ್ಲು ಬಿದ್ದು, ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತದೆ. ಪ್ರವಾದಿಯವರ ಮೌಲಿದ್ ಹಬ್ಬ ಹತ್ತಿರ ಬಂತು, ಸಕ್ಕರೆ ಗೊಂಬೆ ಯಾವಾಗ ತರುತ್ತೀರಿ ಎಂದು ದಿನವೂ ಪೀಡಿಸುತ್ತಾಳೆ. ಸಾವಾದ ಮನೆಗೆ ಈ ವರ್ಷ ಸಕ್ಕರೆ ಗೊಂಬೆ ಬರುವುದಿಲ್ಲವೆಂದು ಆರು ವರ್ಷದವಳಿಗೆ ಹೇಗೆ ಹೇಳಲಿ, ನೀವೇ ಹೇಳಿ.

ಶುಕ್ರವಾರದ ಫೋನಿನಲ್ಲಿ ಆಡಲಾಗದ್ದನ್ನು ಬರೆಯುತ್ತಿದ್ದೇನೆ. ಫೋನು ನಿಮ್ಮ ಚಿಕ್ಕಪ್ಪನ ಮನೆಯದು, ಸುತ್ತ ಹತ್ತು ಕಿವಿಗಳು, ರಿಸೀವರು ಅತ್ತೆಯ ಕೈಯಲ್ಲಿ. ನನ್ನ ಸರದಿ ಬರುವಷ್ಟರಲ್ಲಿ ನಿಮ್ಮ ಕಾರ್ಡು ಮುಗಿದಿರುತ್ತದೆ. ಬಸ್ಯೂನಿ ಇವತ್ತು ಸಂಜೆ ಹೊರಡುತ್ತಾನೆ, ಅವನ ಕೈಗೇ ಇದನ್ನು ಕೊಡುತ್ತೇನೆ. ನಿಮ್ಮ ತಂಗಿ ರಾವ್ಯಾ ಎದೆಗೆ ಶೀತ ಇಳಿದು ಹೋದಳು ಎಂದು ನಿಮಗೆ ಹೇಳಿದ್ದಾರೆ. ನಾನದನ್ನು ನಂಬುವುದಿಲ್ಲ. ಅವಳನ್ನು ಕೊಂಡೊಯ್ದದ್ದು ಹಕ್ಕಿಗಳ ಜ್ವರ, ಅದು ಇನ್ನೂ ನಮ್ಮ ಮನೆಯೊಳಗೇ ಇದೆ, ನಮ್ಮ ಮಗಳು ಅದರ ಪಕ್ಕದಲ್ಲೇ ಮಲಗುತ್ತಿದ್ದಾಳೆ. ಅದನ್ನು ಹೊರಗೆ ಹಾಕಿಸಲು ನಿಮ್ಮ ಒಂದು ಮಾತು ಬೇಕು. ಅದಕ್ಕಾಗಿಯೇ ಈ ಪತ್ರ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿ ಕೋಪ ಮಾಡಿಕೊಳ್ಳುವುದಾದರೆ ಪೂರ್ತಿ ಓದಿದ ಮೇಲೆ ಮಾಡಿಕೊಳ್ಳಿ.

ಕಳೆದ ರಜೆಗೆ ಬಂದಾಗ ನೀವು ಕೆಟ್ಟು ಬಿದ್ದಿದ್ದ ಫ್ರಿಜ್ಜಿಗೆ ಬಲ್ಬು ಕೂರಿಸಿ, ಸಣ್ಣ ಫ್ಯಾನು ಹಾಕಿ, ಬಿಸಿ ಹೆಚ್ಚಾದರೆ ತಾನೇ ಆರಿಹೋಗುವ ಗುಂಡಿ ಇಟ್ಟು ಕಾವುಪೆಟ್ಟಿಗೆ ಮಾಡಿಕೊಟ್ಟಿರಿ. ತಣ್ಣಗಿಡಬೇಕಾದ ಪೆಟ್ಟಿಗೆ ಬಿಸಿ ಮಾಡುತ್ತದೆ ಎಂದು ಇಡೀ ಬೀದಿ ನಕ್ಕಿತ್ತು. ಅತ್ತೆ ಮಾತ್ರ ನಗಲಿಲ್ಲ. ಅವರ ಅಪ್ಪ ಮಣ್ಣಿನ ಕಾವುಗೂಡಿನ ಯಜಮಾನರು. ಹೊಟ್ಟಿನ ಬೆಂಕಿಯಲ್ಲಿ ಸಾವಿರಗಟ್ಟಲೆ ಮರಿ ಮಾಡಿಸಿದವರು. ಆ ಗೂಡು ಬಿದ್ದುಹೋದ ಮೇಲೆ ತಮ್ಮ ತವರೇ ಹೋಯಿತು ಎಂದುಕೊಂಡಿದ್ದ ಅತ್ತೆಗೆ ನೀವು ಅದನ್ನು ಫ್ರಿಜ್ಜಿನಲ್ಲಿಟ್ಟು ತಂದುಕೊಟ್ಟ ಹಾಗಾಯಿತು. ನೀವು ಒಳಗೆ ತೂಗುಹಾಕಿದ ಥರ್ಮಾಮೀಟರನ್ನು ಅವರು ಒಂದು ದಿನವೂ ನೋಡಿದವರಲ್ಲ. ಮೊಟ್ಟೆ ತೆಗೆದು ಕಣ್ಣಿನ ರೆಪ್ಪೆಗೆ ಒತ್ತಿಕೊಂಡು, 'ಇದಕ್ಕೆ ಸಾಕು, ಇದಕ್ಕೆ ಇನ್ನೂ ಬೇಕು' ಎನ್ನುವುದೇ ಅವರ ಲೆಕ್ಕ. ಬೀದಿಯ ಹೆಂಗಸರು ಮೊಟ್ಟೆ ತಂದಿಡುವುದು, ಎರಡು ಮೊಟ್ಟೆಗೆ ಒಂದು ಮರಿಯಂತೆ ಒಯ್ಯುವುದು, ಉಳಿದದ್ದು ನಮ್ಮ ಮನೆಗೆ. ನಮ್ಮ ಪಾಲಿನ ಮರಿಗಳೆಲ್ಲ ರಾವ್ಯಾಳ ಮದುವೆಗೆ ಎಂದು ಮೊದಲೇ ತೀರ್ಮಾನವಾಗಿತ್ತು. ಮದುವೆಯ ರಾತ್ರಿ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹೋಗುವ ಊಟದ ತಟ್ಟೆಗಳನ್ನು ಊರೆಲ್ಲ ಕಿಟಕಿಯಲ್ಲಿ ಕೂತು ಎಣಿಸುತ್ತದೆ, ನಿಮಗೆ ಗೊತ್ತಲ್ಲ. 'ನನ್ನ ಮಗಳ ತಟ್ಟೆ ಹೊತ್ತವಳ ಕತ್ತು ನೋಯ್ಬೇಕು' ಎನ್ನುತ್ತಿದ್ದರು ಅತ್ತೆ.

ಫೆಬ್ರುವರಿಯಲ್ಲಿ ಮಸೀದಿಯ ಮೈಕಿನಲ್ಲಿ ಕೂಗಿದರು, ಮಾಳಿಗೆಯ ಮೇಲೆ ಯಾರೂ ಕೋಳಿ ಬಾತು ಇಡಬಾರದು, ಇದ್ದದ್ದನ್ನೆಲ್ಲ ಸರ್ಕಾರದವರು ಬಂದು ಒಯ್ಯುತ್ತಾರೆ ಎಂದು. ಮೇಲಿನ ಓಣಿಯಿಂದ ಕೋಳಿಗಳನ್ನು ಚೀಲಗಳಿಗೆ ತುಂಬುತ್ತಾ ಬಂದರು. ಅತ್ತೆ ಒಂದೇ ಬೆಳಗಿನಲ್ಲಿ ಇಡೀ ಮಾಳಿಗೆಯನ್ನು ಕೆಳಗಿಳಿಸಿದರು. ಕೋಳಿಗಳು ರೊಟ್ಟಿ ಒಲೆಯ ಹಿಂದೆ, ಬಾತುಗಳು ನಮ್ಮ ಮಂಚದ ಕೆಳಗೆ, ಕಾವುಪೆಟ್ಟಿಗೆ ನಮ್ಮ ಕೋಣೆಯ ಮೂಲೆಗೆ, ಅದರ ಮೇಲೆ ನನ್ನ ಮದುವೆಯ ಹಾಸು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಎಂದು ನಾನು ಅಂದದ್ದಕ್ಕೆ, 'ನಿನ್ನ ಓದು ಮಡಚಿಟ್ಟು ಆ ತುದಿ ಹಿಡಿ' ಎಂದರು. ಬಂದವರಲ್ಲಿ ಒಬ್ಬ ಪಶುವೈದ್ಯ, ಮೂಗಿಗೆ ಬಟ್ಟೆ ಕಟ್ಟಿಕೊಂಡ ಎಳೆಯ ಹುಡುಗ. ಅತ್ತೆ ಚಹಾ ಕೊಟ್ಟು ಕೂರಿಸಿದರು. 'ಹಾಜಿಯಮ್ಮಾ, ಕೋಳಿ ಬಾತು ಏನಾದ್ರೂ?' ಎಂದು ಅವನು ಕೇಳಿದ. 'ನಮ್ಮನೇಲಿ ಪುಕ್ಕ ಅಂದ್ರೆ ದಿಂಬಿನೊಳಗಿರೋದು ಮಾತ್ರ ಡಾಕ್ಟರಪ್ಪ, ಬೇಕಾದ್ರೆ ಅದನ್ನೂ ತಗೊಂಡೋಗು' ಎಂದರು. ಅಷ್ಟರಲ್ಲಿ ಒಳಗೆ ಬಾತು ಕೂಗಿತು. ನನ್ನ ಕೈಯಲ್ಲಿದ್ದ ತಟ್ಟೆ ಜಾರಿತು. ರಾವ್ಯಾ ಒಳಗಿನಿಂದಲೇ, 'ತಹಾನೀ, ಸಾಕು ಮಾಡೇ, ಬೆಳಗಿಂದ ಬಾತುಕೋಳಿ ಆಟ!' ಎಂದು ಗದರಿದಳು. ನಿಮ್ಮ ಮಗಳು ಅತ್ತೆಗೆ ತಕ್ಕ ಮೊಮ್ಮಗಳು; ಬಾಗಿಲಿಗೆ ಬಂದು ಕುಂಡಿ ಅಲ್ಲಾಡಿಸಿ ಎರಡು ಸಲ ಬಾತುವಿನ ಹಾಗೆ ಕೂಗಿ ಹೋದಳು. ಆ ಹುಡುಗ ನಕ್ಕು ಎದ್ದು ಹೋದ. ಅವತ್ತು ಮಧ್ಯಾಹ್ನವೆಲ್ಲ ನಾವು ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ರಾವ್ಯಾಳಂತೂ ನೆಲದ ಮೇಲೆ ಉರುಳಾಡಿದಳು.

ಆಮೇಲೆ ಕೆಲವೇ ದಿನಕ್ಕೆ ಒಲೆಯ ಹಿಂದಿದ್ದ ಕೆಂಪು ಹೇಟೆ ಕತ್ತು ಇಳಿಬಿಟ್ಟಿತು. ಅದರ ಜುಟ್ಟು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನಮ್ಮಲ್ಲಿ ಯಾರಾದರೂ ಮಾಡುವುದನ್ನೇ ಅತ್ತೆ ಮಾಡಿದರು. 'ತಾನಾಗಿ ಸತ್ರೆ ಹರಾಮು, ನಾಯಿಗೆ ಹಾಕ್ಬೇಕು. ಜೀವ ಇರುವಾಗ್ಲೇ ಬಿಸ್ಮಿಲ್ಲಾ ಅಂದ್ಬಿಡು' ಎಂದು ರಾವ್ಯಾಳ ಕೈಗೆ ಚೂರಿ ಕೊಟ್ಟರು. ಕೊಯ್ದವಳೂ ಅವಳೇ, ಬಿಸಿನೀರಲ್ಲಿ ಅದ್ದಿ ಪುಕ್ಕ ಕಿತ್ತವಳೂ ಅವಳೇ. ನನಗೆ ಅವತ್ತು ಬಟ್ಟೆ ಒಗೆಯುವ ಸರದಿ, ಇಲ್ಲದಿದ್ದರೆ ಆ ಕೆಲಸ ನನ್ನದಾಗುತ್ತಿತ್ತು. ಮುಲೂಖಿಯ ಸೊಪ್ಪಿನ ಸಾರಿನಲ್ಲಿ ಬೇಯಿಸಿ ಎಲ್ಲರೂ ಉಂಡೆವು. ಬೆಂದ ಮಾಂಸ ಏನೂ ಮಾಡುವುದಿಲ್ಲವಂತೆ, ಕೀಳುವ ಕೈಗೆ, ಉಸಿರಿಗೆ ಅದು ಹತ್ತುತ್ತದಂತೆ. ಈಗ ಟೀವಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಆವಾಗ ಅಷ್ಟು ಬಿಡಿಸಿ ಹೇಳಿದವರನ್ನು ನಾನು ಕಾಣೆ.

ರಾವ್ಯಾಳಿಗೆ ಜ್ವರ ಬಂತು. ಮೊದಲು ನಿಂಬೆ, ಜೇನು, ಆಮೇಲೆ ಇಮಾಮರ ಮಂತ್ರಿಸಿದ ನೀರು. ಉಸಿರಾಡಲು ಭುಜ ಎತ್ತೆತ್ತಿ ಎಳೆಯತೊಡಗಿದಾಗ ಪಟ್ಟಣದ ಆಸ್ಪತ್ರೆಗೆ ಒಯ್ದೆವು. ಅಲ್ಲಿನ ಡಾಕ್ಟರಮ್ಮ ಒಳ್ಳೆಯವರು, ದಣಿದಿದ್ದರೂ ಮಂಚದ ಮೇಲೆ ಕೂತು ಅವಳ ಬೆನ್ನು ಸವರಿದರು. ಒಂದೇ ಪ್ರಶ್ನೆಯನ್ನು ಅವರು ಮೂರು ಸಲ ಕೇಳಿದರು. 'ಮನೇಲಿ ಕೋಳಿ, ಬಾತು, ಏನಾದ್ರೂ ಇದಾವಾ? ನಾನು ಯಾರಿಗೂ ಹಿಡಿದುಕೊಡಕ್ಕೆ ಕೇಳ್ತಿಲ್ಲ. ಇದ್ರೆ ಇವಳಿಗೆ ಕೊಡೋ ಔಷಧಿನೇ ಬೇರೆ.' ಅತ್ತೆ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು, ಒಂದು ಗರಿಯೂ ಇಲ್ಲ ಎಂದು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ಅತ್ತೆಯ ಮುಖ ನೋಡಿದೆ. ಆಮೇಲೆ ಅವರು ರಾವ್ಯಾಳನ್ನೇ ಕೇಳಿದರು. ಅವಳಿಗೆ ಮಾತು ಬರುತ್ತಿರಲಿಲ್ಲ, ಅಮ್ಮನನ್ನೇ ನೋಡುತ್ತಾ ಇಲ್ಲ ಎಂದು ತಲೆಯಾಡಿಸಿದಳು. ಬೀದಿಯ ಮೊಟ್ಟೆಗಳೆಲ್ಲ ನಮ್ಮ ಕೋಣೆಯಲ್ಲಿವೆ, ಒಂದು ಹೂಂ ಅಂದರೆ ಅವತ್ತೇ ಚೀಲದವರು ಬರುತ್ತಾರೆ ಎಂದು ಅವಳಿಗೂ ಗೊತ್ತಿತ್ತು. ತನ್ನ ಜೀವ ಹೋಗುತ್ತಿರುವಾಗಲೂ ಆ ಹುಡುಗಿ ಅಮ್ಮನ ಮಾತು ಉಳಿಸಿದಳು. ಡಾಕ್ಟರಮ್ಮ ಸಾಮಾನ್ಯ ಎದೆಯ ಸೋಂಕಿಗೆ ಕೊಡುವ ಸೂಜಿ ಮಾತ್ರೆ ಬರೆದುಕೊಟ್ಟರು.

ಮೂರನೆಯ ದಿನ ದೊಡ್ಡ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ, ಕಾಲುವೆಯ ಸೇತುವೆ ದಾಟುವ ಮೊದಲೇ, ನನ್ನ ತೊಡೆಯ ಮೇಲೆ ಹೋದಳು. ಕಾಗದದಲ್ಲಿ ಎದೆಯ ಸೋಂಕು ಎಂದು ಬರೆದರು, ಯಾರೂ ಪರೀಕ್ಷೆ ಮಾಡಲಿಲ್ಲ. ಅವಳು ಹೋದ ಮೇಲೆಯೇ ಟೀವಿಯಲ್ಲಿ ಬೇರೆ ಜಿಲ್ಲೆಯ ಒಬ್ಬ ಹೆಂಗಸಿನ ಸುದ್ದಿ ಬಂತು: ಮನೆಯ ಕೋಳಿ ಕೊಯ್ದದ್ದು, ಪುಕ್ಕ ಕಿತ್ತದ್ದು, ಜ್ವರ, ಭುಜ ಎತ್ತಿ ಎಳೆಯುವ ಉಸಿರು. ನಾನು ಅತ್ತೆಯ ಕಡೆ ನೋಡಿದೆ. ಅವರು ಎದ್ದು ಟೀವಿ ಆರಿಸಿ, 'ಕಣ್ಣು ಬಿತ್ತು ನನ್ನ ಮಗಳಿಗೆ. ತಟ್ಟೆ ದೊಡ್ಡದು ಅಂತ ಊರಲ್ಲೆಲ್ಲ ಹೇಳ್ಕೊಂಡು ಬಂದ್ನಲ್ಲ, ಆ ಕಣ್ಣು' ಎಂದರು. ಅವರು ನಿಜಕ್ಕೂ ಹಾಗೆ ನಂಬಿದ್ದಾರೋ, ನಂಬದಿದ್ದರೆ ಬದುಕಲಾರೆ ಎಂದು ನಂಬಿದ್ದಾರೋ, ನಿಮ್ಮ ತಾಯಿ, ನೀವೇ ಬಲ್ಲಿರಿ.

ಅವರನ್ನು ಕಲ್ಲೆದೆಯವರು ಎಂದುಕೊಳ್ಳಬೇಡಿ. ರಾವ್ಯಾಳ ಮಣ್ಣು ಮುಗಿಸಿ ಬಂದವರು ಬಟ್ಟೆ ಬದಲಿಸದೆ ನೇರ ಹೋಗಿ ಪೆಟ್ಟಿಗೆಯ ಮೊಟ್ಟೆ ಹೊರಳಿಸಿದರು. ಅಲ್ಲಿಂದ ಅನ್ನ ಬಿಟ್ಟರೂ ಅದನ್ನು ಬಿಟ್ಟಿಲ್ಲ. ಬೀದಿಯಲ್ಲಿ ಈಗ ಯಾರ ಮಾಳಿಗೆಯಲ್ಲೂ ಒಂದು ಕೋಳಿಯಿಲ್ಲ. ಒಯ್ಯುವ ಮೊದಲು ಉಳಿಸಿಕೊಂಡ ಮೊಟ್ಟೆಗಳನ್ನು ಹೆಂಗಸರು ಹಿಟ್ಟಿನ ಪಾತ್ರೆಯಲ್ಲಿ, ಎದೆಯೊಳಗೆ, ಮಗುವಿನ ತೊಟ್ಟಿಲಲ್ಲಿ ಬಚ್ಚಿಟ್ಟು ತಂದು ಅತ್ತೆಯ ಮಡಿಲಿಗೆ ಹಾಕಿದ್ದಾರೆ. 'ಉಮ್ಮು ಶೌಕಿ, ಶೌಕಿಯ ತಾಯೇ, ತಳಿ ಉಳಿಸಿಕೊಡು' ಎಂದು ಅವರ ಕೈಗೆ ಮುತ್ತಿಟ್ಟು ಹೋಗುತ್ತಾರೆ. ಮಗಳನ್ನು ಉಳಿಸಿಕೊಳ್ಳಲಾಗದವರಿಗೆ ಇದನ್ನಾದರೂ ಉಳಿಸುತ್ತೇನೆ ಎಂಬ ಹಠ. ಅದು ನನಗೆ ಅರ್ಥವಾಗುತ್ತದೆ, ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಆದರೆ ಹೋದ ವಾರ ಒಡೆದ ಮರಿಗಳು ಸರಿಯಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಕೆಲವು ಕತ್ತು ತಿರುಚಿಕೊಂಡು ಒಂದೇ ಕಡೆ ಸುತ್ತುತ್ತವೆ, ಬೆಳಗ್ಗೆ ನೋಡಿದರೆ ಸೆಟೆದುಕೊಂಡಿರುತ್ತವೆ. ಅತ್ತೆ ಯಾರಿಗೂ ಕಾಣದ ಹಾಗೆ ಅವನ್ನು ಕಾಲುವೆಯ ದಂಡೆಯಲ್ಲಿ ಹೂಳಿ ಬರುತ್ತಾರೆ. ಮಂಚದ ಕೆಳಗಿನ ಬಾತುಗಳು ಮಾತ್ರ ಗುಂಡಗೆ ಚೆನ್ನಾಗಿವೆ, ಅವಕ್ಕೆ ರೋಗವಿದ್ದರೂ ಕಾಣುವುದಿಲ್ಲವಂತೆ. ತಹಾನಿಗೆ ಈ ಮರಿಗಳೇ ಪ್ರಪಂಚ. ಅಜ್ಜಿ ಮೊಮ್ಮಗಳು ಒಂದೇ ಜೀವ ಎನ್ನುವಷ್ಟು ಸಲಿಗೆ ಇಬ್ಬರಿಗೂ; ಒಡೆಯುವ ಮೊಟ್ಟೆಯ ಮುಂದೆ ತಲೆಗೆ ತಲೆ ತಾಗಿಸಿ ಕೂತಿರುತ್ತಾರೆ. ಮೊನ್ನೆ ಶಾಲೆಯಿಂದ ಬಂದವಳು ಕಾಣಲಿಲ್ಲ. ಹುಡುಕಿದರೆ ಹಾಸಿನ ಹಿಂದೆ ಕೂತು, ತೂಕಡಿಸುತ್ತಿದ್ದ ಒಂದು ಮರಿಯನ್ನು ಅಂಗಿಯ ಕೊರಳಿನೊಳಗೆ ಬಿಟ್ಟುಕೊಂಡು, ಬಾಯಿಂದ ಊದಿ ಬಿಸಿ ಮಾಡುತ್ತಿದ್ದಳು. 'ಅದಕ್ಕೆ ಚಳಿ ಅಮ್ಮಾ, ಅಜ್ಜಿ ಕಾವು ಕೊಡು ಅಂದ್ರು' ಎಂದಳು. ನಾನು ಅವಳಿಗೆ ಹೊಡೆದೆ. ಹುಟ್ಟಿದಾಗಿನಿಂದ ನಾನು ಅವಳ ಮೇಲೆ ಕೈ ಎತ್ತಿದವಳಲ್ಲ.

ಅವತ್ತೇ ಅತ್ತೆಯ ಎದುರು ನಿಂತು ಹೇಳಿದೆ, ಇದನ್ನು ಇವತ್ತೇ ಹೊರಗೆ ಹಾಕಿ, ಇಲ್ಲದಿದ್ದರೆ ನಾನೇ ಪ್ಲಗ್ ಕೀಳುತ್ತೇನೆ ಎಂದು. ಅವರು ಕೂಗಾಡಲಿಲ್ಲ. ನನ್ನ ಕೈ ಹಿಡಿದು ಕೂರಿಸಿ, ಒಂದು ಮೊಟ್ಟೆಯನ್ನು ನನ್ನ ಕಿವಿಗೆ ಹಿಡಿದರು. ಒಳಗೆ ಕುಟ್ಟುವ ಸದ್ದು, ಸಣ್ಣ ಚಿಂವ್. 'ಒಳಗಿಂದ ಕೂಗ್ತಾ ಇವೆ ಕಣೇ. ಈಗ ಕಾವು ಕಿತ್ರೆ ಅದು ಕೊಲೆ. ಒಡೀಲಿ, ಅವರವರ ಪಾಲು ಅವರಿಗೆ ಕೊಟ್ಟುಬಿಡ್ತೀನಿ' ಎಂದರು. ಅವು ಒಡೆಯುತ್ತವೆ, ಇನ್ನೊಬ್ಬಳು ಇನ್ನೊಂದು ಪಾತ್ರೆ ಹಿಡಿದು ಬರುತ್ತಾಳೆ, ಇದು ಮುಗಿಯುವುದಿಲ್ಲ ಎಂದೆ. ಚಿಕ್ಕಪ್ಪನ ಹತ್ತಿರ ಹೋದೆ. ಅವರು ಜಪಮಣಿ ಎಣಿಸುತ್ತಾ, 'ಜನ ನಂಬಿ ಒಪ್ಪಿಸಿದ ಅಮಾನತು ಅದು, ಹೆಂಗಸರ ವಿಷಯ, ಅತ್ತೆ ಸೊಸೆ ನೀವೇ ನೋಡ್ಕೊಳ್ಳಿ' ಎಂದರು. ಅವರ ಮನೆಯ ಮೊಟ್ಟೆಗಳೂ ಆ ಪೆಟ್ಟಿಗೆಯಲ್ಲಿವೆ, ಮರೆತಿರಬೇಕು. ಕೊನೆಗೆ ಅತ್ತೆ ಒಂದು ಮಾತು ಅಂದರು. 'ಇದನ್ನ ಕಟ್ಟಿದೋನು ನನ್ನ ಮಗ. ಅವನು ಕಿತ್ತಾಕು ಅಂದ್ರೆ ಆ ಕ್ಷಣ ಕೀಳ್ತೀನಿ. ನೀನು ಹೇಳಿದ್ರೆ ಇಲ್ಲ.'

ನಾಳೆ ನೀವು ಫೋನು ಮಾಡಿದಾಗ ಈ ಪತ್ರ ನಿಮಗೆ ಸಿಕ್ಕಿರುವುದಿಲ್ಲ, ಆಮೇಲಿನ ಶುಕ್ರವಾರ ಸಿಕ್ಕಿರುತ್ತದೆ. ಆದ್ದರಿಂದ ಅವತ್ತು ಅತ್ತೆ ರಿಸೀವರು ಹಿಡಿದ ಕೂಡಲೇ ಬೇರೇನೂ ಕೇಳದೆ ಇದನ್ನೇ ಹೇಳಿ. ಬಾತು, ಕೋಳಿ, ಮರಿ, ಮೊಟ್ಟೆ, ಪೆಟ್ಟಿಗೆ, ಎಲ್ಲ ಹೋಗಲಿ ಎನ್ನಿ. ಗಟ್ಟಿಯಾಗಿ ಹೇಳಿ, ಆದರೆ ರಾವ್ಯಾಳ ಹೆಸರು ಎತ್ತಬೇಡಿ. ಅಂದ ಮಾತನ್ನು ಮತ್ತೆ ಬಾಯಿಗೆ ಹಾಕಿಕೊಳ್ಳಲಾಗುವುದಿಲ್ಲ, ಆ ಒಂದು ಮಾತು ಅವರನ್ನು ಕೊಂದುಬಿಡುತ್ತದೆ. ಆ ಆಣೆಯ ಭಾರ ಅವರ ಮೇಲಿರುವಷ್ಟೇ ನನ್ನ ಮೇಲೂ ಇದೆ. ಅಲ್ಲಿಯವರೆಗೆ ತಹಾನಿಯನ್ನು ನನ್ನ ಅಕ್ಕನ ಮನೆಗೆ ಕಳಿಸೋಣವೆಂದರೆ ಅಜ್ಜಿಯನ್ನು ಬಿಟ್ಟು ಹೋಗುವುದಿಲ್ಲವೆಂದು ಹಠ ಹಿಡಿದಿದ್ದಾಳೆ, ಹೇಗಾದರೂ ಮಾಡುತ್ತೇನೆ.

ಅಲ್ಲಿರುವ ನಮ್ಮೂರಿನವರಿಗೆಲ್ಲ ನನ್ನ ಸಲಾಮು ತಿಳಿಸಿ. ಬಸ್ಯೂನಿಯ ಕೈಯಲ್ಲಿ ಒಣ ರೊಟ್ಟಿ, ಹಳೆಯ ಚೀಸು, ಒಂದು ಸೀಸೆ ಬೆಣ್ಣೆ ಕಳಿಸಿದ್ದೇನೆ, ಒಬ್ಬರೇ ತಿನ್ನಿ, ಕೋಣೆಯವರಿಗೆಲ್ಲ ಹಂಚಿ ದಾನಶೂರ ಹಾತಿಮನಾಗಬೇಡಿ. ದೇವರು ನಿಮ್ಮನ್ನು ಬಿದ್ದ ಕಡೆ ಹಿಡಿದುಕೊಳ್ಳಲಿ, ನಮ್ಮ ಬಾಗಿಲಿಗೆ ನಿಮ್ಮ ಹೆಜ್ಜೆ ಬೇಗ ಬರಲಿ. ಅತ್ತೆಯ ಆಶೀರ್ವಾದಗಳು, ಅವರು ಹೇಳಿಲ್ಲ, ಆದರೂ ಇವೆ.

ನಿಮ್ಮ ಮನೆಯವಳು,
ಎನಾಯಾತ್

ತಾ.ಕ.: ಲಕೋಟೆ ಅಂಟಿಸಿದ್ದನ್ನು ಹರಿದು ಬರೆಯುತ್ತಿದ್ದೇನೆ. ತಹಾನಿಯನ್ನು ಶಾಲೆಯಿಂದ ಮೇಷ್ಟ್ರು ಎತ್ತಿಕೊಂಡು ಬಂದರು. ಮೈ ಸುಡುತ್ತಿದೆ, ಕೆಮ್ಮುತ್ತಿದ್ದಾಳೆ. ಬಿಸಿಲು ತಗುಲಿದೆ ಅಷ್ಟೇ ಎನ್ನುತ್ತಾರೆ ಅತ್ತೆ. 'ಎರಡೇ ದಿನ ತಡಿ ಎನಾಯಾತ್, ಮರಿ ಒಡೆದುಬಿಡ್ಲಿ, ನಾನೇ ಕರ್ಕೊಂಡೋಗ್ತೀನಿ' ಎಂದು ನನ್ನ ಕಾಲು ಹಿಡಿದಿದ್ದರು. ಬಿಡಿಸಿಕೊಂಡು, ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ನಿಮ್ಮ ಮಾತಿಗೆ ಕಾಯಲಾರೆ. ಬಸ್ಯೂನಿಯ ಗಾಡಿಯಲ್ಲೇ ಪಟ್ಟಣದ ಆಸ್ಪತ್ರೆಗೆ ಹೋಗುತ್ತಿದ್ದೇನೆ, ಅದೇ ಡಾಕ್ಟರಮ್ಮನ ಹತ್ತಿರ. ಅವರು ಕೇಳುವ ಮೊದಲೇ ಹೇಳುತ್ತೇನೆ, ಮನೆಯಲ್ಲಿ ಏನೇನಿದೆ, ಎಲ್ಲೆಲ್ಲಿದೆ, ರಾವ್ಯಾ ಏನು ಮುಟ್ಟಿದ್ದಳು, ಎಲ್ಲ. ಸಂಜೆಯೊಳಗೆ ಚೀಲದವರು ಬರುತ್ತಾರೆ, ಬೀದಿಯಲ್ಲಿ ಒಂದು ಮೊಟ್ಟೆಯೂ ಉಳಿಯುವುದಿಲ್ಲ. ರಾವ್ಯಾಳನ್ನು ಕೊಂದದ್ದು ಏನೆಂದು ಅತ್ತೆಗೂ ಅವತ್ತೇ ಗೊತ್ತಾಗುತ್ತದೆ, ಎಲ್ಲರೆದುರಿಗೆ. ಆ ಮನೆಯ ಬಾಗಿಲು ನನಗೆ ಮತ್ತೆ ತೆರೆಯುತ್ತದೋ ಇಲ್ಲವೋ. ನಾಳೆ ಫೋನಿನಲ್ಲಿ ಅವರು ನನ್ನ ಬಗ್ಗೆ ಏನೇನೋ ಹೇಳುತ್ತಾರೆ, ಆಗ ನಿಮ್ಮ ಕೈಯಲ್ಲಿ ಈ ಪತ್ರವೂ ಇರುವುದಿಲ್ಲ. ಅವರು ಏನೇ ಹೇಳಿರಲಿ, ನೀವು ಏನೇ ನಂಬಿರಲಿ, ಇದನ್ನು ಓದಿದ ಮೇಲೆ ಆಸ್ಪತ್ರೆಗೆ ಫೋನು ಮಾಡಿ. ನನ್ನನ್ನು ಬೈಯುವ ಮೊದಲು ಮಗು ಹೇಗಿದೆ ಎಂದು ಕೇಳಿ.